ಪಾಯದಲ್ಲಿ ಸಿಕ್ಕಿದ್ದು ಬಂಡೆಯೋ, ಗುಂಡೋ?

"ಪಾಯದಾಗ ಬಂಡೆ ಸಿಕ್ತು, ಇನ್ನ ಚಿಂತಿ ಇಲ್ಲ." ಕೊಪ್ಪಳ, ಗಂಗಾವತಿ ಕಡೆ ಮನೆ ಕಟ್ಟುವವರು ಹೀಗೆ ಹೇಳುವುದು ಸಾಮಾನ್ಯ. ಇದು ಅರ್ಧ ಮಾತ್ರ ನಿಜ. ಜೆಸಿಬಿ ಹಲ್ಲಿಗೆ ತಾಗಿದ್ದು ನೆಲದ ಹಾಸುಬಂಡೆಯೋ, ಮಣ್ಣಲ್ಲಿ ಹೂತ ಗುಂಡುಕಲ್ಲೋ ಎಂದು ಮೊದಲು ಕೇಳಬೇಕು.

ಆನೆಗುಂದಿಯ ಬೆಟ್ಟಗಳನ್ನು ನೋಡಿ. ಅಲ್ಲಿನ ಗುಂಡುಗಳು ವಾಲಿ ಸುಗ್ರೀವರು ಎಸೆದಾಡಿದವು ಎಂಬ ಕತೆ ಚೆಂದವೇ. ಆದರೆ ಅವು ಎಲ್ಲಿಂದಲೂ ಬಂದು ಬಿದ್ದಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಈ ಗ್ರಾನೈಟ್ ಹುಟ್ಟಿದ್ದು ಭೂಮಿಯ ಆಳದಲ್ಲಿ. ಮೇಲಿನ ಪದರ ಸವೆದಂತೆ ಭಾರ ಇಳಿಯಿತು, ಬಂಡೆ ಹಿಗ್ಗಿ ಸೀಳಿತು. ಅಡ್ಡ ಸೀಳು, ಉದ್ದ ಸೀಳು ಸೇರಿ ಚೌಕ ತುಂಡುಗಳಾದವು. ಸೀಳಿಗೆ ನೀರಿಳಿಯಿತು. ಗ್ರಾನೈಟಿನಲ್ಲಿರುವ ಖನಿಜಗಳಲ್ಲಿ, ನೀರು ತಾಗಿದ ಫೆಲ್ಡ್‌ಸ್ಪಾರ್ ನಿಧಾನಕ್ಕೆ ಜೇಡಿಯಾಗುತ್ತದೆ, ಕ್ವಾರ್ಟ್ಜ್ ಮರಳಾಗಿ ಉಳಿಯುತ್ತದೆ. ಇವೆರಡೂ ಬೆರೆತದ್ದೇ ಗರಸು. ತುಂಡಿನ ಮುಖಕ್ಕೆ ನೀರು ಒಂದೇ ಕಡೆಯಿಂದ ತಾಗಿದರೆ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಮೂಲೆ ಬೇಗ ಕರಗುತ್ತದೆ. ಚೌಕ ಕಲ್ಲು ಗುಂಡಾಗುತ್ತದೆ!

ಬೆಟ್ಟದ ಮೇಲೆ ಮಳೆ ಈ ಗರಸನ್ನು ತೊಳೆದು ಗುಂಡನ್ನು ಬಿಟ್ಟಿದೆ. ಕೆಳಗಿನ ಸೈಟುಗಳಲ್ಲಿ ಗರಸಿನೊಳಗೇ ಅಂಥ ಗುಂಡುಗಳು ಹುದುಗಿರಬಹುದು. ಅಂಥ ಗುಂಡಿನ ಮೇಲೆ ಕಾಲಂ ನಿಲ್ಲಿಸಿದರೆ ಭಾರ ಹೊರುವುದು ಗುಂಡಿನ ಕೆಳಗಿನ ಗರಸು, ಬಂಡೆಯಲ್ಲ.

ಹಾಸುಬಂಡೆಯೇ ಸಿಕ್ಕರೂ ಅದರ ಬಿರುಕು ನೋಡಲೇಬೇಕು. ಗಟ್ಟಿ ಗ್ರಾನೈಟ್ ತುಂಡೊಂದು ಮಾಮೂಲಿ ಕಾಂಕ್ರೀಟ್‌ಗಿಂತ ಎಷ್ಟೋ ಪಟ್ಟು ಬಲವಾದದ್ದು. ಆದರೆ ಬಿರುಕುಬಿಟ್ಟ ಬಂಡೆ ಸಿಮೆಂಟಿಲ್ಲದೆ ಪೇರಿಸಿದ ಗೋಡೆಯಂತೆ, ಕಲ್ಲು ಎಷ್ಟೇ ಗಟ್ಟಿಯಿದ್ದರೂ ಸಂದು ಜಾರುತ್ತದೆ. ನಮ್ಮ ಇಂಜಿನಿಯರ್‌ಗಳು ಬಳಸುವ ಪಟ್ಟಿಯಲ್ಲಿ ದೋಷವಿಲ್ಲದ ಗ್ರಾನೈಟಿಗೆ ಚದರ ಮೀಟರಿಗೆ 330 ಟನ್ ಭಾರ ಕೊಡಬಹುದು. ಒಡೆದು ಚೂರಾದ ತಳಬಂಡೆಗೆ ಬರೀ 90.

ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಮನೆಗಳಿವೆ, ಅಂದರೆ ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ ಸಮಾಧಿಗಳು. ಇಷ್ಟಗಲದ ಚಪ್ಪಡಿ ಎಲ್ಲಿಂದ ತಂದರು ಅಂತ ಬೆರಗಾಗುತ್ತದೆ, ಅಲ್ವಾ? ನೆಲಕ್ಕೆ ಸಮನಾಗಿ ಸೀಳುವುದು ಗ್ರಾನೈಟಿನ ಗುಣವೇ. ನಮ್ಮ ಪಾಯಕ್ಕೆ ತೊಂದರೆ ಕೊಡುವ ಈ ಸೀಳು ಅವರಿಗೆ ಚಪ್ಪಡಿ ಕೊಟ್ಟಿತು. ಆ ಜನರ ಕಲ್ಲಿನ ತಿಳಿವಳಿಕೆ ದೊಡ್ಡದು.

ನನಗೆ ಜಾಸ್ತಿ ಕಳವಳ ತರುವುದು ಅರ್ಧ ಬಂಡೆ, ಅರ್ಧ ಎರೆಮಣ್ಣಿನ ಸೈಟು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಬಂಡೆ ಅಲ್ಲಾಡುವುದಿಲ್ಲ. ನಡುವೆ ಸಿಕ್ಕ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರಿಯುತ್ತದೆ. ಅದನ್ನು ಕಂಡು ವಾಸ್ತುದೋಷ ಅಂತ ಸುಮ್ನೆ ಬಾಗಿಲು ಕಿತ್ತು ಬೇರೆ ಕಡೆ ಇಡಿಸುತ್ತಾರೆ. ಬಿರುಕು ಮತ್ತೆ ಬರುತ್ತದೆ, ಏಕೆಂದರೆ ಪಾಯ ಹಾಗೇ ಇದೆ. ಎಲ್ಲಾ ಕಾಲಂಗಳನ್ನು ಬಂಡೆಯವರೆಗೆ ಇಳಿಸಬೇಕು. ಬಂಡೆ ತೀರಾ ಆಳದಲ್ಲಿದ್ದರೆ ಕಟ್ಟಡವನ್ನೇ ಎರಡು ಭಾಗ ಮಾಡಿ ನಡುವೆ ಸಂದು ಬಿಡಬೇಕು. ಇಳಿಜಾರು ಬಂಡೆಯನ್ನು ಮೆಟ್ಟಿಲಾಗಿ ಕಡಿದು ಸಮ ಮಾಡಬೇಕು.

ಹಾರೆಯಿಂದ ಕುಟ್ಟಿ "ಠಣ್" ಅಂದರೆ ಬಂಡೆ ಎಂದು ತೀರ್ಮಾನಿಸಬೇಡಿ. ಗುಂಡೂ ಹಾಗೇ ಸದ್ದು ಮಾಡುತ್ತದೆ. ಡ್ರಿಲ್ ಮಾಡಿ ಬಂಡೆಯೊಳಗೆ ಮೂರು ಮೀಟರಾದರೂ ಇಳಿದು ಕಲ್ಲಿನ ಕಡ್ಡಿ ತೆಗೆಸಿ. ಅದರಲ್ಲಿ 10 ಸೆಂಟಿಮೀಟರ್‌ಗಿಂತ ಉದ್ದದ ತುಂಡುಗಳನ್ನು ಕೂಡಿಸಿ. ಕೊರೆದ ಉದ್ದದ 75%ಕ್ಕಿಂತ ಜಾಸ್ತಿ ಬಂದರೆ ಒಳ್ಳೆಯ ಬಂಡೆ, 25%ಕ್ಕಿಂತ ಕಡಿಮೆ ಬಂದರೆ ತೀರಾ ಕಳಪೆ. ಕಡ್ಡಿಯ ನಡುವೆ ಗರಸು ಬಂತೋ, ಮೇಲೆ ಸಿಕ್ಕಿದ್ದು ಗುಂಡು.