ಎಫ್‌ಪಿಜಿಎ ಕೋರ್: ಹಳೆಯ ಕಂಪ್ಯೂಟರಿಗೆ ಹೊಸ ಚಿಪ್

ಕಮೋಡೋರ್ 64, ಝಡ್‌ಎಕ್ಸ್ ಸ್ಪೆಕ್ಟ್ರಮ್, ಅಮಿಗಾ. 1980ರ ದಶಕದ ಈ ಮನೆ ಕಂಪ್ಯೂಟರುಗಳ ಹುಚ್ಚು ಹಿಡಿದವರ ಮಾತಿನಲ್ಲಿ ‘ಕೋರ್’ ಎಂಬ ಪದ ಪದೇ ಪದೇ ಬರುತ್ತದೆ. ಅಮಿಗಾ ಕೋರ್ ಅಪ್‌ಡೇಟ್ ಆಗಿದೆ, ಸ್ಪೆಕ್ಟ್ರಮ್ ಕೋರ್ ಹಾಕಿ ನೋಡಿ, ಹೀಗೆ. ಮೊಬೈಲಿನಲ್ಲಿ ಎಂಟು ಕೋರ್ ಇದೆ ಅಂತೀವಲ್ಲ, ಅದಲ್ಲ ಇದು. ಒಂದು ಹಳೆಯ ಕಂಪ್ಯೂಟರಿನ ಇಡೀ ಸರ್ಕ್ಯೂಟನ್ನು ಕೋಡ್ ರೂಪದಲ್ಲಿ ಬರೆದಿಟ್ಟರೆ ಅದೇ ಕೋರ್. ಅದನ್ನು ಎಫ್‌ಪಿಜಿಎ ಎಂಬ ಚಿಪ್ಪಿಗೆ ತುಂಬಿದರೆ, ಆ ಚಿಪ್ ಹಳೆಯ ಕಂಪ್ಯೂಟರಿನ ಹಾಗೆಯೇ ನಡೆದುಕೊಳ್ಳುತ್ತದೆ.

ಮಾಮೂಲಿ ಚಿಪ್ಪಿನ ಸರ್ಕ್ಯೂಟ್ ಫ್ಯಾಕ್ಟರಿಯಲ್ಲೇ ಅಚ್ಚಾಗಿ ಬರುತ್ತದೆ. ಆಮೇಲೆ ಬದಲಾಗುವುದಿಲ್ಲ. ಎಫ್‌ಪಿಜಿಎ ಒಳಗೆ ಇರುವುದು ಸಣ್ಣ ಸಣ್ಣ ಲಾಜಿಕ್ ತುಣುಕುಗಳು, ಅವುಗಳ ನಡುವೆ ಬೇಕಾದಂತೆ ಜೋಡಿಸಬಹುದಾದ ತಂತಿಗಳ ಜಾಲ. ಯಾವ ತುಣುಕು ಏನು ಮಾಡಬೇಕು, ಯಾವುದು ಯಾವುದಕ್ಕೆ ಸೇರಬೇಕು ಅನ್ನುವುದನ್ನು ವೆರಿಲಾಗ್ ಅಥವಾ ವಿಎಚ್‌ಡಿಎಲ್ ಭಾಷೆಯಲ್ಲಿ ಬರೆಯುತ್ತಾರೆ. ಅದು ಕೊನೆಗೆ ಬಿಟ್‌ಸ್ಟ್ರೀಮ್ ಎಂಬ ಫೈಲ್ ಆಗುತ್ತದೆ. ಈ ಕೆಲಸಕ್ಕೆ ಬಳಸುವ ಚಿಪ್ಪುಗಳಲ್ಲಿ ಹೆಚ್ಚಿನವು ಕರೆಂಟ್ ಹೋದರೆ ಎಲ್ಲವನ್ನೂ ಮರೆತುಬಿಡುತ್ತವೆ. ಪ್ರತಿ ಸಲ ಆ ಫೈಲನ್ನು ಹೊಸದಾಗಿ ತುಂಬಬೇಕು. ಹಾಗಾಗಿಯೇ ಒಂದೇ ಬೋರ್ಡ್ ಈಗ ಸ್ಪೆಕ್ಟ್ರಮ್ ಆಗಿದ್ದು, ಇನ್ನೊಂದು ಫೈಲ್ ತುಂಬಿದ ಕೂಡಲೇ ಅಮಿಗಾ ಆಗಬಲ್ಲದು.

ಮಾರುಕಟ್ಟೆಗೆ ಬಂದ ಮೊದಲ ಎಫ್‌ಪಿಜಿಎ ಕ್ಸೈಲಿಂಕ್ಸ್ ಕಂಪನಿಯ ಎಕ್ಸ್‌ಸಿ2064. ವರ್ಷ 1985, ಅಂದರೆ ಅಮಿಗಾ ಹುಟ್ಟಿದ ವರ್ಷವೇ! ಅದರಲ್ಲಿ ಇದ್ದದ್ದು ಬರೀ 64 ಲಾಜಿಕ್ ಬ್ಲಾಕುಗಳು. ಅದರಲ್ಲಿ ಇಡೀ ಕಂಪ್ಯೂಟರ್ ಕಟ್ಟುವ ಮಾತೇ ಇರಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಡೆನಿಸ್ ವಾನ್ ವೀರೆನ್ ಎಂಬ ಡಚ್ ಎಂಜಿನಿಯರ್ ಅಮಿಗಾದ ವಿಶೇಷ ಚಿಪ್ಪುಗಳನ್ನು ಒಂದು ಎಫ್‌ಪಿಜಿಎ ಒಳಗೆ ಮತ್ತೆ ಕಟ್ಟಿದರು. ಅದರ ಹೆಸರು ಮಿನಿಮಿಗ್. 2007ರಲ್ಲಿ ಅದರ ವಿನ್ಯಾಸವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಪ್ರೊಸೆಸರ್ ಮಾತ್ರ ಆಗಿನ್ನೂ ನಿಜವಾದ ಮೋಟೊರೋಲಾ ಚಿಪ್ಪೇ, ಎಫ್‌ಪಿಜಿಎ ಪಕ್ಕದಲ್ಲಿ ಕೂತಿತ್ತು. ಮುಂದೆ ಅದೂ ಕೋಡ್ ಆಗಿ ಒಳಗೆ ಸೇರಿತು. ಇದೇ ಕೋರ್ ಮೊದಲು ಹಳೆಯ ಕಂಪ್ಯೂಟರುಗಳ ಕೋರ್ ಓಡಿಸಲೆಂದೇ ಮಾಡಿದ ಮಿಸ್ಟ್ ಬೋರ್ಡಿಗೆ, ಅಲ್ಲಿಂದ 2017ರಲ್ಲಿ ಶುರುವಾದ ಮಿಸ್ಟರ್ ಯೋಜನೆಗೆ ಹೋಯಿತು. ಮಿಸ್ಟರ್ ನಡೆಯುವುದು ಡಿಇ10-ನ್ಯಾನೋ ಎಂಬ ಡೆವಲಪ್‌ಮೆಂಟ್ ಬೋರ್ಡ್ ಮೇಲೆ. ಅದರ ಚಿಪ್ಪಿನಲ್ಲಿ ಸುಮಾರು 1,10,000 ಲಾಜಿಕ್ ಎಲಿಮೆಂಟುಗಳಿವೆ. ಜೊತೆಗೆ ಪ್ರತ್ಯೇಕ ಎಸ್‌ಡಿರ್‍ಯಾಮ್ ಎಂಬ ಮೆಮೊರಿ ತುಂಡೊಂದನ್ನು ಸಿಕ್ಕಿಸುತ್ತಾರೆ. ಬೋರ್ಡಿನಲ್ಲಿ ಆಗಲೇ 1 ಜಿಬಿ ಮೆಮೊರಿ ಇರುವಾಗ ಇದು ಯಾಕೆ ಅನಿಸಬಹುದು. ಆ ಮೆಮೊರಿ ವೇಗದ್ದೇ, ಆದರೆ ಕೇಳಿದ್ದನ್ನು ಎಷ್ಟು ಹೊತ್ತಿಗೆ ಕೊಡುತ್ತದೆ ಅನ್ನುವುದು ಪ್ರತಿ ಸಲ ಒಂದೇ ಅಲ್ಲ. ಹಳೆಯ ಕಂಪ್ಯೂಟರಿಗೆ ಆ ಹೊತ್ತು ಕರಾರುವಾಕ್ಕಾಗಿ ಬೇಕು.

ಇದೆಲ್ಲ ಹಳೆಯ ಕಂಪ್ಯೂಟರಿನ ಹಾಗೆ ನಟಿಸುವ ಎಮ್ಯುಲೇಟರ್ ಸಾಫ್ಟ್‌ವೇರ್ ಕೂಡ ಮಾಡುತ್ತದಲ್ವಾ? ಮಾಡುತ್ತದೆ. ಆದರೆ ದಾರಿ ಬೇರೆ. ಎಮ್ಯುಲೇಟರ್ ಅಂದರೆ ಏಕಪಾತ್ರಾಭಿನಯ. ಪ್ರೊಸೆಸರ್, ವಿಡಿಯೋ ಚಿಪ್, ಸೌಂಡ್ ಚಿಪ್, ಎಲ್ಲರ ಪಾತ್ರವನ್ನೂ ಒಂದೇ ಪ್ರೋಗ್ರಾಂ ಒಂದಾದ ಮೇಲೊಂದು ಮಾಡುತ್ತದೆ. ಎಫ್‌ಪಿಜಿಎ ಕೋರಿನಲ್ಲಿ ಪ್ರತಿ ಚಿಪ್ಪಿಗೂ ಅದರದೇ ಸರ್ಕ್ಯೂಟ್ ಇರುತ್ತದೆ. ಎಲ್ಲವೂ ಒಂದೇ ಹೊತ್ತಿಗೆ ಓಡುತ್ತವೆ.

ಸಮಯ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ ಕಮೋಡೋರ್ 64ರಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. ಅದರ ಪ್ರೊಸೆಸರ್ ಓಡುತ್ತಿದ್ದದ್ದು ಸುಮಾರು 1 ಮೆಗಾಹರ್ಟ್ಸ್ ವೇಗದಲ್ಲಿ. ಯುರೋಪಿನ ಮಾಡೆಲ್ ಒಂದು ಚಿತ್ರಕ್ಕೆ 312 ಗೆರೆ ಎಳೆಯುತ್ತಿತ್ತು, ಪ್ರತಿ ಗೆರೆಗೆ ಪ್ರೊಸೆಸರಿನ 63 ಕ್ಲಾಕ್, ಅಂದರೆ 63 ಮಿಡಿತ. ಪರದೆಯ ಸುತ್ತ ಒಂದು ಅಂಚು ಇರುತ್ತಿತ್ತು, ಅಲ್ಲಿ ಏನನ್ನೂ ಬರೆಯಲು ಬಿಡುತ್ತಿರಲಿಲ್ಲ. ಅಕ್ಷರಗಳ ಸಾಲು 25 ಇದ್ದರೆ ಕೆಳಗಿನ ಅಂಚು 251ನೇ ಗೆರೆಯಲ್ಲಿ ಶುರು. 24 ಸಾಲು ಅಂತ ಸೆಟ್ ಮಾಡಿದ್ದರೆ 247ರಲ್ಲಿ. ಪ್ರೋಗ್ರಾಮರುಗಳು ಏನು ಮಾಡಿದರು ಗೊತ್ತಾ? 247 ದಾಟುವ ತನಕ 25 ಸಾಲು ಅಂತ ಇಟ್ಟರು. 251 ಬರುವ ಮೊದಲೇ 24 ಅಂತ ಬದಲಾಯಿಸಿದರು. ಎರಡೂ ಗೆರೆಯಲ್ಲಿ ವಿಡಿಯೋ ಚಿಪ್ಪಿಗೆ ‘ಅಂಚು ಶುರುವಾಗುವ ಗೆರೆ ಇದೇ’ ಅನ್ನುವ ಹೊಂದಾಣಿಕೆ ಸಿಗಲಿಲ್ಲ. ಅಂಚು ಶುರು ಮಾಡುವುದನ್ನೇ ಅದು ಮರೆಯಿತು, ಆ ಜಾಗದಲ್ಲಿ ಚಿತ್ರಗಳು ಓಡಾಡಿದವು. ಚಿಪ್ ಮಾಡಿದವರು ಇದನ್ನೆಲ್ಲ ಕೈಪಿಡಿಯಲ್ಲಿ ಬರೆದಿರಲಿಲ್ಲ. ಕೋರ್ ಬರೆಯುವವರು ಮಾತ್ರ ಈ ಎಡವಟ್ಟನ್ನೂ ಸೇರಿಸಿಯೇ ಕಟ್ಟಬೇಕು. ಇಲ್ಲವಾದರೆ ಹಳೆಯ ಡೆಮೊಗಳು (ಕಂಪ್ಯೂಟರಿನ ಕೈಚಳಕ ತೋರಿಸಲೆಂದೇ ಬರೆದ ಪ್ರೋಗ್ರಾಂಗಳು) ನಡೆಯುವುದಿಲ್ಲ.

ಹಾಗಂತ ಎಫ್‌ಪಿಜಿಎ ಅಂದ ಕೂಡಲೇ ನೂರಕ್ಕೆ ನೂರು ಅಸಲಿ ಅನ್ನುವುದು ಸುಮ್ನೆ ಮಾತು. ಈ ಮಾತು ಜಾಹೀರಾತುಗಳಲ್ಲಿ ಜಾಸ್ತಿ. ಕೋರ್ ಬರೆದವರಿಗೆ ಹಳೆಯ ಚಿಪ್ ಎಷ್ಟು ಅರ್ಥವಾಗಿದೆಯೋ ಕೋರ್ ಅಷ್ಟೇ ಸರಿ. ಅರೆಬರೆ ಕೋರಿಗಿಂತ ಚೆನ್ನಾಗಿ ಪಳಗಿದ ಎಮ್ಯುಲೇಟರೇ ಎಷ್ಟೋ ಮೇಲು, ಅಂಚಿನ ಚಮತ್ಕಾರವನ್ನೂ ಅದು ಮಾಡಿ ತೋರಿಸುತ್ತದೆ. ಕೋರಿನ ನಿಜವಾದ ಲಾಭ ಇರುವುದು ವಿಳಂಬ ಕಡಿಮೆಯಾಗುವುದರಲ್ಲಿ. ಚಿತ್ರ ಪರದೆಗೆ ಹೋಗುವ ದಾರಿಯಲ್ಲಿ ಆಪರೇಟಿಂಗ್ ಸಿಸ್ಟಂ ಅಡ್ಡ ಬರುವುದಿಲ್ಲ. ಹಳೆಯ ಟಿವಿಗೆ ಜೋಡಿಸಿದರೆ ಚಿತ್ರ ಗೆರೆಗೆ ಗೆರೆಯಾಗಿ ಹುಟ್ಟಿದ ಹಾಗೆಯೇ ಹೊರಗೆ ಹೋಗುತ್ತದೆ. ಜಾಯ್‌ಸ್ಟಿಕ್ ಅಲ್ಲಾಡಿಸಿದರೆ ಅದು ಕೈಗೆ ಗೊತ್ತಾಗುತ್ತದೆ.

ಕೆಲವು ಕಡೆ ಎಫ್‌ಪಿಜಿಎಗೂ ಕಷ್ಟ. ಕಮೋಡೋರ್ 64ರ ಸಿಡ್ ಸೌಂಡ್ ಚಿಪ್ಪಿನ ಫಿಲ್ಟರ್ ಅನಲಾಗ್. ಒಂದು ಸಿಡ್ ಇನ್ನೊಂದರ ಹಾಗೆ ಕೇಳಿಸುತ್ತಿರಲಿಲ್ಲ. ಎಫ್‌ಪಿಜಿಎ ಪೂರ್ತಿ ಡಿಜಿಟಲ್, ಆದ್ದರಿಂದ ಅಲ್ಲಿ ಲೆಕ್ಕ ಹಾಕಿ ಹತ್ತಿರಕ್ಕೆ ತರುವುದೇ ದಾರಿ. ಹಾಗೆ ನೋಡಿದರೆ ಆ ಭಾಗ ಎಮ್ಯುಲೇಶನ್ನೇ.

ಕೋರ್ ಸಿಕ್ಕ ಮಾತ್ರಕ್ಕೆ ಕಂಪ್ಯೂಟರ್ ಶುರುವಾಗುವುದಿಲ್ಲ, ಅದಕ್ಕೆ ರೋಮ್ ಕೂಡ ಬೇಕು. ಹಳೆಯ ಕಂಪ್ಯೂಟರಿನೊಳಗೆ ಇದ್ದ ಆ ಸಾಫ್ಟ್‌ವೇರಿನ ಹಕ್ಕು ಬೇರೆಯವರದು. ಸ್ಪೆಕ್ಟ್ರಮ್ ರೋಮನ್ನು ಎಮ್ಯುಲೇಟರುಗಳ ಜೊತೆ ಹಂಚಲು ಅದರ ಹಕ್ಕು ಹೊಂದಿದ್ದ ಆಮ್‌ಸ್ಟ್ರಾಡ್ ಕಂಪನಿ ಹಿಂದೆಯೇ ಒಪ್ಪಿತ್ತು. ಅಮಿಗಾದ ಕಿಕ್‌ಸ್ಟಾರ್ಟ್ ರೋಮ್ ಹಾಗಲ್ಲ, ಅದನ್ನು ಲೈಸೆನ್ಸ್ ಇರುವ ಕಡೆಯಿಂದ ನಾವೇ ತಂದು ಹಾಕಿಕೊಳ್ಳಬೇಕು.