ಹುಡುಕದೇ ಸಿಗುವ ಹಾಡು

ಮೊನ್ನೆ ರಾತ್ರಿ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡೋದು ಹೇಗೆ ಅಂತ ಯೂಟ್ಯೂಬ್‌ನಲ್ಲಿ ನೋಡುತ್ತಿದ್ದೆ. ಅದು ಮುಗಿದು ಮುಂದಿನ ವಿಡಿಯೊ ತಾನಾಗಿಯೇ ಶುರುವಾಯಿತು. ಮೊಹರಂ ಹಬ್ಬದಲ್ಲಿ ಕುಣಿಯುತ್ತಾ ಹಾಡುವ ರಿವಾಯತ್ ಪದ. ಕೈಯಲ್ಲಿ ಬಣ್ಣದ ಕರವಸ್ತ್ರ, ಕಾಲಲ್ಲಿ ಗೆಜ್ಜೆ. ಒಂದು ತಾಸು ನೋಡಿದೆ. ಸ್ಟಾರ್ಟರ್ ಇವತ್ತಿಗೂ ಕೆಟ್ಟೇ ಇದೆ.

ನಮ್ಮ ರಾಯಚೂರು, ಕೊಪ್ಪಳ ಕಡೆ ಹಾಡು ಯಾವಾಗಲೂ ಹೀಗೇ ಸಿಕ್ಕಿದ್ದು, ಅಲ್ವಾ? ನಾವು ಹುಡುಕಿದ್ದು ಕಡಿಮೆ, ಅದೇ ಬಂದು ಕಿವಿಗೆ ಬಿದ್ದಿದ್ದು ಜಾಸ್ತಿ. 1950ರಲ್ಲಿ ಧಾರವಾಡದಲ್ಲಿ, 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಬಂತು. ಅವರು ಹಾಕಿದ್ದೇ ಹಾಡು. ಜಾತ್ರೆಯಲ್ಲಿ ಮೈಕ್ ಸೆಟ್‌ನವನು ಹಾಕಿದ್ದೇ ಹಾಡು. ಆಮೇಲೆ ಕ್ಯಾಸೆಟ್ ಬಂತು.

ನನ್ನ ಪ್ರಕಾರ ನಿಜವಾದ ತಿರುವು ಮೆಮರಿ ಕಾರ್ಡ್. ನಾವು ಅದಕ್ಕೆ ಚಿಪ್ ಅನ್ನುತ್ತಿದ್ದೆವು. ಸಿಂಧನೂರು ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿ ‘ಚಿಪ್ ತುಂಬಿಸಿಕೊಡಿ’ ಅಂದರೆ ಸಾಕು. ಯಾವ ಹಾಡು ಅಂತ ಅವನೂ ಕೇಳುತ್ತಿರಲಿಲ್ಲ, ನಾವೂ ಹೇಳುತ್ತಿರಲಿಲ್ಲ. ಅವನ ಕಂಪ್ಯೂಟರ್‌ನಲ್ಲಿ ‘ಫೀಲಿಂಗ್’, ‘ಜಾನಪದ’, ‘ನ್ಯೂ’ ಅಂತ ಫೋಲ್ಡರ್‌ಗಳು. ‘ನ್ಯೂ’ ಒಳಗೆ ಇದ್ದಿದ್ದೆಲ್ಲ ಹಳೇ ಹಾಡು. ಮನೆಗೆ ಬಂದು ಕೇಳಿದರೆ ಎರಡು ಸಿನಿಮಾ ಹಾಡಿನ ನಡುವೆ ಯಾವುದೋ ತತ್ವಪದ. ಫೈಲ್ ಹೆಸರು ಬರೀ ‘ಟ್ರ್ಯಾಕ್ 07’. ಹಾಡಿದವರು ಯಾರು? ಅಂಗಡಿಯವನಿಗೂ ಗೊತ್ತಿಲ್ಲ. ಬ್ಲೂಟೂತ್‌ನಲ್ಲಿ ಅದು ಊರೆಲ್ಲ ಹರಡಿತು, ಹೆಸರಿಲ್ಲದೆಯೇ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಮುಂದಿನ ಮಾರ್ಚ್‌ವರೆಗೆ ಡೇಟಾ ಫ್ರೀ. ಚಿಪ್ ತುಂಬಿಸುವ ವ್ಯಾಪಾರ ಬಿತ್ತು. ಈಗ ಹಾಡು ಆರಿಸುವವನು ಅಂಗಡಿಯವನಲ್ಲ, ಯಂತ್ರ. ಯೂಟ್ಯೂಬ್ 2012ರಿಂದಲೇ ಎಷ್ಟು ಜನ ಒತ್ತಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಡುತ್ತಿದೆ. ಬಯಲಾಟಕ್ಕೆ ಇದರಿಂದ ಒಳ್ಳೆಯದೇ ಆಗಿರಬೇಕು ಅಂತ ನನ್ನ ಅನುಮಾನ. ನಮ್ಮ ಮನೆಯಲ್ಲೇ ರೊಟ್ಟಿ ಬಡಿಯುತ್ತಾ ಪಕ್ಕದಲ್ಲಿ ಆಟ ಹಚ್ಚಿ ಬಿಡುತ್ತಾರೆ, ಮೂರು ತಾಸು ಓಡುತ್ತದೆ. ಮುಂದೆ ಕೂತವನ ರುಮಾಲು ಅರ್ಧ ಪರದೆ ನುಂಗಿರುತ್ತದೆ. ಜನರೇಟರ್ ಸದ್ದಿನಲ್ಲಿ ಹಾರ್ಮೋನಿಯಂ ಕೇಳಿಸೋದೇ ಇಲ್ಲ. ಶೀರ್ಷಿಕೆ ‘ನಮ್ಮೂರ ಬಯಲಾಟ ಭಾಗ 3’. ಯಾವ ಊರು? ಭಾಗ 1 ಎಲ್ಲಿ?

2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಂತಿತು. ಜುಲೈನಲ್ಲಿ ಇನ್‌ಸ್ಟಾಗ್ರಾಮ್‌ನ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್‌ನ ಶಾರ್ಟ್ಸ್ ಬಂತು, ಶುರುವಿನಲ್ಲಿ ಬರೀ 15 ಸೆಕೆಂಡ್. ದೊಡ್ಡಾಟ ಅನ್ನುವ ಬಯಲಾಟದಲ್ಲಿ ಬಂದ ಪಾತ್ರವನ್ನು ಮಾತಾಡಿಸುವ ಸಾರಥಿ ‘ತಾವು ಯಾರು?’ ಅಂತ ಕೇಳಿ ಮುಗಿಸುವುದರೊಳಗೆ ಅಷ್ಟು ಹೊತ್ತು ಆಗಿಹೋಗುತ್ತದೆ.

ಹೆಸರು ಟೈಪ್ ಮಾಡಿ ಹುಡುಕಿದ್ದು ನನಗೆ ನೆನಪಿರೋದು ಒಂದೇ ಸಲ. 2025ರಲ್ಲಿ ಕೊಪ್ಪಳದ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಅವರಿಗೆ ಪದ್ಮಶ್ರೀ ಬಂದಾಗ. ಮೋರನಾಳ ದೂರದ ಊರೇನಲ್ಲ. ಆದರೂ ದೆಹಲಿಯಿಂದ ಸುದ್ದಿ ಬರೋವರೆಗೂ ಅವರ ಹೆಸರು ನನಗೆ ಗೊತ್ತಿರಲಿಲ್ಲ.

ಆ ಅಂಗಡಿಯವನು ಈಗ ಸ್ಕ್ರೀನ್ ಗಾರ್ಡ್ ಅಂಟಿಸುತ್ತಾನೆ. ಹೋದ ವಾರ ‘ಟ್ರ್ಯಾಕ್ 07’ ಬಗ್ಗೆ ಸುಮ್ನೆ ಕೇಳಿದೆ. ಗಾಜು ಒರೆಸುತ್ತಲೇ ಎರಡು ಸಾಲು ಗುನುಗಿದ. ಹೆಸರು ಮಾತ್ರ ಅವನಿಗೂ ಬರಲಿಲ್ಲ.