ಮರ ಪುಡಿಯಾಯಿತು, ಕುರ್ಚಿ ಉಳಿಯಿತು

1925ರ ಫೆಬ್ರವರಿ. ಈಜಿಪ್ಟಿನ ಗೀಜಾದಲ್ಲಿ ದೊಡ್ಡ ಪಿರಮಿಡ್ಡಿನ ಪೂರ್ವಕ್ಕೆ ಒಬ್ಬ ಫೋಟೋಗ್ರಾಫರ್ ಕ್ಯಾಮೆರಾ ಸ್ಟ್ಯಾಂಡ್ ನಿಲ್ಲಿಸುತ್ತಿದ್ದ. ಸ್ಟ್ಯಾಂಡಿನ ಕಾಲು ಗಾರೆಗೆ ತಾಗಿತು. ಬಂಡೆ ಇರಬೇಕಾದ ಜಾಗದಲ್ಲಿ ಗಾರೆ ಯಾಕೆ? ಅಗೆದರೆ ಸುಮಾರು 27 ಮೀಟರ್ ಆಳದ ಬಾವಿಯಂಥ ಗುಂಡಿ, ತಳದಲ್ಲಿ ಪುಟ್ಟ ಕೋಣೆ. ಅಲ್ಲಿದ್ದದ್ದು ರಾಣಿ ಹೆಟೆಫೆರೆಸಳ ಸಾಮಾನು. ಈಕೆ ಸ್ನೆಫೆರು ದೊರೆಯ ಹೆಂಡತಿ, ಆ ಪಿರಮಿಡ್ಡು ಕಟ್ಟಿಸಿದ ಖುಫುವಿನ ತಾಯಿ. ಕಲ್ಲಿನ ಶವಪೆಟ್ಟಿಗೆ ಮುಚ್ಚಿಯೇ ಇತ್ತು. 1927ರಲ್ಲಿ ತೆರೆದರೆ ಒಳಗೆ ಹೆಣವೇ ಇಲ್ಲ!

ಹೆಣ ಎಲ್ಲಿ ಹೋಯಿತು ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಆ ಸಾಮಾನಿನ ಮೇಲೆ. ಯಾಕಂದ್ರೆ ನಾಲ್ಕೂವರೆ ಸಾವಿರ ವರ್ಷದಲ್ಲಿ ಮರ ಪುಡಿಯಾಗಿತ್ತು. ಅದರ ಮೇಲೆ ಹೊದಿಸಿದ್ದ ಚಿನ್ನದ ತಗಡು ಮಾತ್ರ ಬಿದ್ದಲ್ಲೇ ಬಿದ್ದಿತ್ತು. ಅಗೆತ ನಡೆಸುತ್ತಿದ್ದ ಅಮೆರಿಕದ ಪುರಾತತ್ವಜ್ಞ ಜಾರ್ಜ್ ರೈಸ್ನರ್ ಅವರ ತಂಡ ಅವಸರ ಮಾಡಲಿಲ್ಲ. ಒಂದೊಂದು ಚೂರು ಎತ್ತುವ ಮೊದಲು ಫೋಟೋ ತೆಗೆದು, ಚಿತ್ರ ಬರೆದು, ಅದು ಬಿದ್ದ ಜಾಗ ಗುರುತು ಮಾಡಿಕೊಂಡಿತು. ಆ ಗುರುತುಗಳಿಂದಲೇ ಮಂಚ, ಎರಡು ಕುರ್ಚಿ, ಮೇನೆ, ಮೇಲ್ಕಟ್ಟು ಮತ್ತೆ ಎದ್ದು ನಿಂತವು.

ಮೇಲ್ಕಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದರ ಚೌಕಟ್ಟಿನಲ್ಲಿ ಸ್ನೆಫೆರುವಿನ ಹೆಸರು ಕೆತ್ತಿದೆ. ಮೂಲೆಯ ಜೋಡಣೆಗಳಿಗೆ ತಾಮ್ರ ಹೊದಿಸಿದೆ. ಬಿಚ್ಚಿ, ಕಟ್ಟಿ, ಹೊತ್ತುಕೊಂಡು ಹೋಗಿ ಇನ್ನೊಂದು ಕಡೆ ಮತ್ತೆ ನಿಲ್ಲಿಸಬಹುದು. ಅಂದರೆ ಸುಮ್ನೆ ಗೋರಿಗೆ ಹಾಕಲು ಮಾಡಿದ ಸಾಮಾನಲ್ಲ, ರಾಣಿಯ ಜೊತೆ ಊರೂರು ತಿರುಗುವಂತೆ ಮಾಡಿದ್ದು.

ಮರವೇನು ಧಾರಾಳವಾಗಿ ಸಿಗುತ್ತಿರಲಿಲ್ಲ. ನೈಲ್ ದಂಡೆಯಲ್ಲಿ ಬೆಳೆಯುತ್ತಿದ್ದದ್ದು ಜಾಲಿ, ನಮ್ಮ ಅತ್ತಿಯ ಬಳಗದ ಒಂದು ಮರ, ಇಂಥವೇ. ಅಲ್ಲಿಯ ಜಾಲಿಗಳಲ್ಲಿ ನಮ್ಮ ಬಯಲುಸೀಮೆಯ ಕರಿಜಾಲಿಯೂ ಒಂದು. ಗಟ್ಟಿ ನಿಜ, ಆದರೆ ಉದ್ದ ಹಲಗೆ ಬರುವುದು ಕಷ್ಟ. ಉದ್ದ ಹಲಗೆಗೆ ಲೆಬನಾನಿನ ದೇವದಾರು ಬೇಕು. ಸ್ನೆಫೆರು 40 ಹಡಗು ತುಂಬ ಮರ ತರಿಸಿದ ಸಂಗತಿಯನ್ನು ಪಲೆರ್ಮೋ ಶಿಲೆ ಎಂಬ ಹಳೆಯ ದಾಖಲೆಯಲ್ಲಿ ಕೆತ್ತಿದ್ದಾರೆ. ಕರಿಮರ ದಕ್ಷಿಣದ ಆಫ್ರಿಕಾ ನಾಡುಗಳಿಂದ ಬರುತ್ತಿತ್ತು.

ದುಬಾರಿ ಮರ ಅಂದಮೇಲೆ ಹಾಳು ಮಾಡುವ ಹಾಗಿಲ್ಲ, ಅಲ್ವಾ? ಸಣ್ಣ ತುಂಡನ್ನೂ ಬಿಡದೆ ಜೋಡಿಸುತ್ತಿದ್ದರು. ಒಂದರ ತುದಿಯನ್ನು ನಾಲಿಗೆಯಂತೆ ಕಡಿದು ಇನ್ನೊಂದರ ತೂತಿಗೆ ಕೂರಿಸಿ, ಬೆಣೆ ಹೊಡೆದು ಬಿಗಿ ಮಾಡುವುದು. ಕೈಯಲ್ಲಿ ಇದ್ದದ್ದು ತಾಮ್ರದ ಉಳಿ, ಬಾಚಿ, ಎಳೆದಾಗ ಮಾತ್ರ ಕೊಯ್ಯುವ ಗರಗಸ. ಉಜ್ಜುಗೊರಡು ಇರಲಿಲ್ಲ, ಕಲ್ಲಿನಿಂದ ತಿಕ್ಕಿ ನುಣುಪು ಮಾಡುತ್ತಿದ್ದರು. ಅದನ್ನು ನೆನೆಸಿಕೊಂಡರೆ ನನ್ನ ಕೈಯೇ ನೋಯುತ್ತದೆ.

ಕಾಲುಗಳದ್ದೇ ಒಂದು ಕಥೆ. ಮೊದಲ ರಾಜವಂಶಗಳ ಕಾಲದಲ್ಲಿ ಮಂಚ, ಕುರ್ಚಿಗಳಿಗೆ ಹೋರಿಯ ಕಾಲು. ಆಮೇಲೆ ಸಿಂಹದ ಕಾಲು ಜಾಸ್ತಿಯಾಯಿತು. ನಾಲ್ಕು ಕಾಲೂ ಒಂದೇ ಕಡೆ ಮುಖ ಮಾಡಿರುತ್ತವೆ. ಮುಂದಿನವು ಮುಂಗಾಲಿನಂತೆ, ಹಿಂದಿನವು ಮೊಣಕಾಲು ಬಾಗಿದ ಹಿಂಗಾಲಿನಂತೆ. ಕೂತವನನ್ನು ಪ್ರಾಣಿಯೇ ಹೊತ್ತು ನಡೆದಂತೆ ಕಾಣುತ್ತದೆ.

ಹೆಟೆಫೆರೆಸ್ ತೀರಿಕೊಂಡು ಸಾವಿರಕ್ಕೂ ಹೆಚ್ಚು ವರ್ಷದ ಮೇಲೆ ಬಂದವನು ತುತನ್‌ಖಾಮನ್ ದೊರೆ. 1922ರಲ್ಲಿ ಹೋವರ್ಡ್ ಕಾರ್ಟರ್ ಅವನ ಗೋರಿ ಹುಡುಕಿದಾಗ ಮರ ಮರವಾಗಿಯೇ ಉಳಿದಿತ್ತು. ಸಿಕ್ಕ ಮಂಚಗಳಲ್ಲಿ ಒಂದು, ಲೋಹದ ತಿರುಗಣಿ ಹಾಕಿ ಮೂರು ಮಡಿಕೆಯಾಗಿ ಮಡಿಸುವಂಥದ್ದು. ರಾಣಿಯ ಮೇಲ್ಕಟ್ಟಿನ ಯೋಚನೆಯೇ ಇಲ್ಲಿ ಇನ್ನೂ ಚುರುಕಾಗಿದೆ. ನೋಡುವವರು ಮಾತ್ರ ಚಿನ್ನದ ಸಿಂಹಾಸನದ ಮುಂದೆಯೇ ನಿಲ್ಲುತ್ತಾರೆ. ಅದರ ಬೆನ್ನಿನಲ್ಲಿ ರಾಜ ಆರಾಮಾಗಿ ಕೂತಿದ್ದಾನೆ, ರಾಣಿ ಎದುರು ನಿಂತು ಅವನಿಗೆ ಪರಿಮಳದ ಲೇಪ ಹಚ್ಚುತ್ತಿದ್ದಾಳೆ. ಬಣ್ಣದ ಗಾಜು, ಬೆಳ್ಳಿ, ಕಲ್ಲು ಕೂರಿಸಿದ ಚಿತ್ರ. ಮೇಲೆ ಆತೆನ್ ಎಂಬ ಸೂರ್ಯಬಿಂಬ, ಅದರ ಕಿರಣಗಳ ತುದಿಯಲ್ಲಿ ಪುಟ್ಟ ಕೈಗಳು.

ಆ ಹುಡುಗ ದೊರೆ ಪಟ್ಟಕ್ಕೆ ಬಂದಾಗ ಅವನ ಹೆಸರು ತುತನ್‌ಖಾತೆನ್, ಆತೆನ್ ಹೆಸರು ಸೇರಿದ್ದು. ಅಮುನ್ ದೇವರ ಪೂಜೆ ಮರಳಿದ ಮೇಲೆ ಹೆಸರೂ ತುತನ್‌ಖಾಮನ್ ಎಂದು ಬದಲಾಯಿತು. ಸಿಂಹಾಸನದ ಮೇಲೆ ಕೆಲವು ಕಡೆ ಹೊಸ ಹೆಸರಿದೆ. ಕೆಲವು ಕಡೆ ಹಳೆಯದೇ ಇದೆ, ಯಾರೂ ತಿದ್ದಲು ಹೋಗಿಲ್ಲ.